ಎರೆ ನೆಲದ ರಸ್ತೆಯಲ್ಲಿ ಬಾಡಿಗೆ ಗಾಡಿ: ಓಡಿಸಿ ನೋಡಿದ ಲೆಕ್ಕ

ಕಲಬುರಗಿಯಲ್ಲಿ ಸೆಲ್ಫ್ ಡ್ರೈವ್, ಅಂದರೆ ನಾವೇ ಓಡಿಸುವ ಬಾಡಿಗೆ ಗಾಡಿ ಕೇಳಲು ಹೋದವರ ಮೊದಲ ಮಾತು ಸಾಮಾನ್ಯವಾಗಿ ಇಷ್ಟೇ: "ಯಾವ ಗಾಡಿ ಅದ ಅಣ್ಣಾ, ದಿನಕ್ಕ ಎಷ್ಟು?" ನಾನು ಕೇಳುವುದು ಬೇರೆ. ಎಷ್ಟು ಕಿ.ಮೀ. ಓಡಿದೆ, ಟಯರು ಯಾವ ವರ್ಷದ್ದು, ಗಾಡಿ ನಿಂತಲ್ಲೇ ನಿಂತಾಗ ಎ.ಸಿ. ತಣ್ಣಗೆ ಬರುತ್ತದೆಯೇ? ಮಾಡೆಲ್ಲಿನ ಹೆಸರು ಆಮೇಲಿನ ಮಾತು. 40 ಸಾವಿರ ಓಡಿದ ಡಿಸೈರಿಗೂ 1 ಲಕ್ಷ 40 ಸಾವಿರ ಓಡಿದ ಡಿಸೈರಿಗೂ ಇರುವ ಅಂತರ, ಹೊಸ ಡಿಸೈರಿಗೂ ಹೊಸ ಎರ್ಟಿಗಾಕ್ಕೂ ಇರುವ ಅಂತರಕ್ಕಿಂತ ದೊಡ್ಡದು. ಬಾಡಿಗೆ ಗಾಡಿ ದಿನಕ್ಕೊಬ್ಬರ ಕಾಲಿನ ಕೆಳಗೆ ಇರುತ್ತದೆ. ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುವವರು, ತಗ್ಗು ನೋಡದೆ ಇಳಿಸುವವರು, ಎಲ್ಲರ ಗುರುತೂ ಅದರ ಮೇಲೆ ಉಳಿದಿರುತ್ತದೆ.

ನಮ್ಮ ಕಡೆಯ ರಸ್ತೆಗೆ ಅದರದೇ ಗುಣವಿದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಅದರ ಮೇಲೆ ಹಾಕಿದ ಡಾಂಬರು ತಗ್ಗು ಬೀಳುವ ಮೊದಲೇ ಅಲೆಅಲೆಯಾಗಿ ಏಳುತ್ತದೆ. ಜೇವರ್ಗಿ ಕಡೆಗೋ ಶಹಾಪುರದ ಕಡೆಗೋ ಹೋಗುವಾಗ ನೋಡಲು ರಸ್ತೆ ಸಪಾಟಾಗಿ ಕಂಡರೂ ಗಾಡಿ ದೋಣಿಯ ಹಾಗೆ ತೂಗುವುದು ಇದಕ್ಕೇ. ಬೀದರ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ತೂಗಾಟ ಕಡಿಮೆ. ವಾಡಿ, ಶಹಾಬಾದ್, ಸೇಡಂ ಕಡೆ ಇನ್ನೊಂದು ಪರಿ: ಸಿಮೆಂಟು ಸಾಗಿಸುವ ಟ್ಯಾಂಕರ್ ಲಾರಿ (ಬಲ್ಕರ್), ಹಾಸುಗಲ್ಲಿನ ಲಾರಿ, ಅವುಗಳ ಹಿಂದೆ ಏಳುವ ಬಿಳಿ ಧೂಳು. ಮೇಲಿಂದ ಏಪ್ರಿಲ್, ಮೇ ತಿಂಗಳ ಬಿಸಿಲು 42, 43 ಡಿಗ್ರಿ. ಗಾಡಿ ಆರಿಸುವಾಗ ನಾನು ಈ ಮೂರನ್ನು, ಅಂದರೆ ಅಲೆ, ಲಾರಿ, ಬಿಸಿಲನ್ನು ಮುಂದಿಟ್ಟುಕೊಳ್ಳುತ್ತೇನೆ.

ಮೊದಲು ನಂಬರ್ ಪ್ಲೇಟ್. ಸೆಲ್ಫ್ ಡ್ರೈವ್ ಬಾಡಿಗೆಗೆ ನೋಂದಾಯಿಸಿದ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಡ್ರೈವರ್ ಸಮೇತ ಬಾಡಿಗೆಗೆ ಹೋಗುವ ಟ್ಯಾಕ್ಸಿ. ಬಿಳಿ ಪ್ಲೇಟ್ ಖಾಸಗಿ ಗಾಡಿ. ಬಿಳಿ ಪ್ಲೇಟಿನ ಗಾಡಿಯನ್ನು ಕಡಿಮೆ ದುಡ್ಡಿಗೆ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ನಾನು ಮುಟ್ಟುವುದಿಲ್ಲ. ಖಾಸಗಿ ವಿಮೆಯ ಗಾಡಿ ಬಾಡಿಗೆ ಮೇಲೆ ಓಡುತ್ತಿತ್ತು ಎಂದು ಗೊತ್ತಾದರೆ ಕ್ಲೇಮ್ ನಿಂತುಹೋಗುತ್ತದೆ, ಅಪಘಾತದ ಭಾರ ಓಡಿಸುವವನ ತಲೆಗೆ ಬರುತ್ತದೆ. ಆರ್.ಸಿ., ವಿಮೆ, ಫಿಟ್‌ನೆಸ್, ಹೊಗೆ ತಪಾಸಣೆ ಚೀಟಿ, ಪರ್ಮಿಟ್ ಇವುಗಳ ದಿನಾಂಕ ನೋಡಿ ಮೊಬೈಲಿನಲ್ಲಿ ಫೋಟೋ ಇಟ್ಟುಕೊಳ್ಳುತ್ತೇನೆ. ಇಲ್ಲಿಂದ ಜಹೀರಾಬಾದ್, ಸೊಲ್ಲಾಪುರ, ತಾಂಡೂರು ಎಲ್ಲವೂ ಬೇರೆ ರಾಜ್ಯ. ಆ ರಾಜ್ಯಕ್ಕೆ ಪರ್ಮಿಟ್ ಇದೆಯೇ, ತೆರಿಗೆ ಕಟ್ಟಿದೆಯೇ ಎಂದು ಕೇಳಿ, ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಟಯರಿನ ಪಕ್ಕದ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟಯರು, ನೆಲ ಮುಟ್ಟುವ ಮೈಯ ಗೀರು ಆಳವಾಗಿದ್ದರೂ, ನಮ್ಮ ಬಿಸಿಲಿಗೆ ರಬ್ಬರು ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ. ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಗೀರಿನೊಳಗಿನ ಸಣ್ಣ ಉಬ್ಬುಪಟ್ಟಿ ಟಯರಿನ ಮೇಲ್ಮೈಗೆ ಸಮ ಬಂದಿದ್ದರೆ ಆಯುಷ್ಯ ಮುಗಿದಿದೆ. ಒಳಬದಿಯ ಗೋಡೆಗೂ ಕೈ ಆಡಿಸಬೇಕು. ತಗ್ಗಿಗೆ ಬಿದ್ದ ಟಯರಿನಲ್ಲಿ ನಿಂಬೆಹಣ್ಣಿನಷ್ಟು ಬುಗ್ಗೆ ಎದ್ದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಅಂಥ ಟಯರು 80ರ ವೇಗದಲ್ಲಿ ಒಡೆದರೆ ಗಾಡಿ ಕೈಯಲ್ಲಿ ನಿಲ್ಲುವುದಿಲ್ಲ. ಸ್ಟೆಪ್ನಿಯಲ್ಲಿ ಗಾಳಿ, ಜಾಕು, ಪಾನಾ ಮೂರೂ ಇವೆಯೇ ನೋಡಿ. ಎರ್ಟಿಗಾ, ಇನ್ನೋವಾ ಕ್ರಿಸ್ಟಾ ಎರಡರಲ್ಲೂ ಸ್ಟೆಪ್ನಿ ಗಾಡಿಯ ಹೊಟ್ಟೆಯ ಕೆಳಗೆ ನೇತಾಡುತ್ತದೆ. ಕೆಸರು ಮೆತ್ತಿ ಅದನ್ನು ಇಳಿಸುವ ಸ್ಕ್ರೂ ಬಿಗಿದಿದ್ದರೆ ರಾತ್ರಿ ರಸ್ತೆ ಮೇಲೆ ಬಿಚ್ಚಲಾಗದು. ಕೊಡುವವನ ಮುಂದೆಯೇ ಒಮ್ಮೆ ಅರ್ಧ ಇಳಿಸಿ ಏರಿಸಿ ನೋಡುತ್ತೇನೆ.

ಎ.ಸಿ. ಪರೀಕ್ಷೆಗೆ ನಾನು ಪೂರಾ ಹದಿನೈದು ನಿಮಿಷ ಕೊಡುತ್ತೇನೆ. ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ ಎಂಜಿನ್ ಚಾಲೂ ಮಾಡಿ, ಗಾಜು ಇಳಿಸಿ ಎರಡು ನಿಮಿಷ ಒಳಗಿನ ಕಾದ ಗಾಳಿ ಹೊರಗೆ ಬಿಡಬೇಕು. ಆಮೇಲೆ ಗಾಜು ಏರಿಸಿ, ಒಳಗಿನ ಗಾಳಿಯೇ ತಿರುಗುವ ಬಟನ್ ಒತ್ತಿ, ಬ್ಲೋವರ್ ಮೂರಕ್ಕೆ ಇಟ್ಟು ಹತ್ತು ನಿಮಿಷ ಕೂರಬೇಕು. ಗಾಡಿ ಓಡುವಾಗ ಎಂಥ ಎ.ಸಿ.ಯೂ ತಣ್ಣಗೆ ಕೊಡುತ್ತದೆ, ಏಕೆಂದರೆ ಮುಂದಿನ ಗಾಳಿ, ಎ.ಸಿ.ಯ ಬಿಸಿ ಹೊರಬಿಡುವ ಕಂಡೆನ್ಸರನ್ನು ತಂಪು ಮಾಡುತ್ತಿರುತ್ತದೆ. ಊರಿನ ಸೂಪರ್ ಮಾರ್ಕೆಟ್ ಪೇಟೆಯ ಜನಜಂಗುಳಿಯಲ್ಲಿ ನಿಂತಾಗಲೇ ನಿಜ ಗೊತ್ತಾಗುವುದು. ನಿಂತಾಗ ಉಗುರುಬೆಚ್ಚಗೆ, ಓಡುವಾಗ ತಣ್ಣಗೆ ಬಂದರೆ ರೇಡಿಯೇಟರ್ ಫ್ಯಾನು ದುರ್ಬಲ, ಇಲ್ಲವೇ ಕಂಡೆನ್ಸರಿನ ಜಾಳಿಗೆಯಲ್ಲಿ ಧೂಳು, ಹುಳ ತುಂಬಿವೆ, ಇಲ್ಲವೇ ಗ್ಯಾಸ್ ಕಡಿಮೆ ಇದೆ. ಕಂಪ್ರೆಸರು ನಾಲ್ಕೈದು ಸೆಕೆಂಡಿಗೊಮ್ಮೆ ಟಕ್ ಎಂದು ಹತ್ತಿ ಆರಿ ಮಾಡುತ್ತಿದ್ದರೆ ಹೆಚ್ಚಾಗಿ ಗ್ಯಾಸಿನದೇ ಸಮಸ್ಯೆ. ತಣ್ಣಗಿದೆ, ಆದರೆ ಗಾಳಿಯೇ ಬರುತ್ತಿಲ್ಲ ಎಂದರೆ ಕ್ಯಾಬಿನ್ ಫಿಲ್ಟರ್ ಕಟ್ಟಿದೆ. ಸ್ವಿಫ್ಟ್, ಡಿಸೈರ್‌ಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಡಬ್ಬಿಯ ಎರಡೂ ಪಕ್ಕ ಒಳಕ್ಕೆ ಒತ್ತಿ ಇಳಿಸಿದರೆ ಮುಚ್ಚಳ ಕಾಣುತ್ತದೆ. ಹೊರಗೆಳೆದು ಗೋಡೆಗೆ ನಾಲ್ಕು ಸಲ ಬಡಿದರೆ ಸಿಮೆಂಟಿನ ಧೂಳು ಮುಷ್ಟಿಯಷ್ಟು ಬೀಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಐದು ನಿಮಿಷದ ಕೆಲಸ, ಇಡೀ ದಿನದ ನೆಮ್ಮದಿ.

ಇಗ್ನಿಷನ್ ತಿರುಗಿಸಿದಾಗ ಎಂಜಿನ್ ಲೈಟು, ಎ.ಬಿ.ಎಸ್., ಏರ್‌ಬ್ಯಾಗ್ ಲೈಟು ಎಲ್ಲ ಹತ್ತಬೇಕು, ಚಾಲೂ ಆದ ಮೇಲೆ ಆರಬೇಕು. ಹತ್ತಿಯೇ ಇರುವುದು ಒಂದು ದೋಷ; ಹತ್ತದೇ ಇರುವುದು ಅದಕ್ಕಿಂತ ದೊಡ್ಡ ದೋಷ, ಏಕೆಂದರೆ ದೋಷ ಕಾಣಬಾರದೆಂದು ಯಾರೋ ಲೈಟನ್ನೇ ತೆಗೆದಿರಬಹುದು. ಶಾಕಪ್ (ಶಾಕ್ ಅಬ್ಸಾರ್ಬರ್) ನೋಡಲು ಬೋನಟ್ಟಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಡಿ. ಒಂದು ಸಲ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಶಾಕಪ್ ಸತ್ತಿದೆ. ಜೇವರ್ಗಿ ರಸ್ತೆಯ ಅಲೆಯ ಮೇಲೆ ಅದು ಗಾಡಿಯನ್ನು ಹಿಡಿದಿಡುವುದಿಲ್ಲ.

ಕ್ಲಚ್ಚಿಗೆ ನನ್ನ ಪರೀಕ್ಷೆ ಸರಳ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 30ರ ವೇಗದಲ್ಲಿದ್ದಾಗ ಎಕ್ಸಲೇಟರ್ ಪೂರಾ ಒತ್ತುವುದು. ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಇಂಥ ಗಾಡಿ ಊರೊಳಗೆ ಸರಿಯಾಗಿಯೇ ಕಾಣುತ್ತದೆ, ಸುರಪುರದ ಏರಿನಲ್ಲಿ ಏಳು ಜನ ಕೂತಾಗ ಸುಟ್ಟ ವಾಸನೆ ಬರುತ್ತದೆ. ಪೆಡಲು ಪೂರಾ ಮೇಲೆ ಬಂದ ಮೇಲಷ್ಟೇ ಗಾಡಿ ಹಿಡಿಯುತ್ತಿದ್ದರೂ ಅದೇ ಸೂಚನೆ. ಮೊದಲ ಹತ್ತು ಕಿ.ಮೀ.ಯಲ್ಲಿ ಇನ್ನೆರಡು ನೋಡಬೇಕು. 80ರ ಸುಮಾರಿಗೆ ಬ್ರೇಕ್ ಹಿಡಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ಬ್ರೇಕ್ ಹಿಡಿಯದೆಯೂ ನಡುಗಿದರೆ ವ್ಹೀಲ್ ಬ್ಯಾಲೆನ್ಸಿಂಗ್ ಇಲ್ಲ. ಮಳೆಗಾಲದಲ್ಲಿ ಇನ್ನೊಂದು ಕಾರಣವೂ ಉಂಟು: ಹೊಲದ ದಾರಿಗಿಳಿದು ಬಂದ ಗಾಡಿಯ ರಿಮ್ಮಿನ ಒಳಗೆ ಎರೆ ಮಣ್ಣು ಒಂದೇ ಕಡೆ ಮೆತ್ತಿ ಒಣಗಿರುತ್ತದೆ. ಪಾವು ಕಿಲೋ ಮಣ್ಣು ಸಾಕು, ಸ್ಟೇರಿಂಗ್ ಗಡಗಡ ಎನ್ನುತ್ತದೆ. ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮೊದಲು ರಿಮ್ಮಿನ ಒಳಮೈಗೆ ನೀರಿನ ಪೈಪು ಹಿಡಿಯಿರಿ. ಹೊಲದಿಂದ ಡಾಂಬರಿಗೆ ಹತ್ತಿದ ಕೂಡಲೇ ಮೊದಲ ಇನ್ನೂರು ಮೀಟರ್ ಬ್ರೇಕಿನ ಮೇಲೆ ಭರವಸೆ ಇಡಬಾರದು. ಗೀರಿನಲ್ಲಿ ಮಣ್ಣು ತುಂಬಿದ ಟಯರು ನುಣ್ಣಗಿನ ಟಯರೇ.

ಈಗ ಗಾಡಿಗಳ ಮಾತು. ಮಾರುತಿ ಸ್ವಿಫ್ಟ್ ಮತ್ತು ಡಿಸೈರ್ ಬಾಡಿಗೆ ಅಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವವು. ಇಬ್ಬರು ಮೂವರಿಗೆ, ಬೀದರಿಗೆ ಬೆಳಿಗ್ಗೆ ಹೋಗಿ ಸಂಜೆ ಬರಲು, ಇವೇ ಸಾಕು. 1.2 ಲೀಟರ್ ಪೆಟ್ರೋಲ್ ಎಂಜಿನ್, 37 ಲೀಟರಿನ ಟಾಕಿ. ಎ.ಸಿ. ಹಾಕಿ 80ರಲ್ಲಿ ಹಿಡಿದರೆ ನನಗೆ 17ರಿಂದ 19 ಆವರೇಜ್ ಬಂದಿದೆ. ನೆಲದಿಂದ ಎತ್ತರ 163 ಮಿ.ಮೀ. ಮಾತ್ರ, ಐದು ಜನ, ಡಿಕ್ಕಿ ತುಂಬ ಸಾಮಾನು ಇಟ್ಟರೆ ಹಳ್ಳಿಯ ಹಂಪುಗಳ ಮೇಲೆ ಹೊಟ್ಟೆ ಉಜ್ಜುತ್ತದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಳೆಯ 1.3 ಡೀಸೆಲ್ ಡಿಸೈರ್ ಇನ್ನೂ ಅಲ್ಲಲ್ಲಿ ಓಡುತ್ತಿದೆ. ಮಾರುತಿ 2020ರ ಏಪ್ರಿಲಿನಿಂದ ಡೀಸೆಲ್ ಕಾರು ನಿಲ್ಲಿಸಿದ್ದರಿಂದ ಸಿಗುವವೆಲ್ಲ ಹಳೆಯವೇ. ಎಳೆಯುವ ಬಲ ಚೆನ್ನ, ಆದರೆ 1,800 ಆರ್.ಪಿ.ಎಂ. ಕೆಳಗೆ ಟರ್ಬೊ ಏಳುವುದಿಲ್ಲ. ಓವರ್‌ಟೇಕಿಗೆ ಮೊದಲೇ ಗೇರ್ ಇಳಿಸಿರಬೇಕು.

ಟ್ಯಾಕ್ಸಿಗಾಗಿಯೇ ಮಾಡಿದ ಡಿಸೈರ್ ಟೂರ್ ಎಸ್, ಎರ್ಟಿಗಾ ಟೂರ್ ಎಂ ಗಾಡಿಗಳಲ್ಲಿ ವೇಗ 80ಕ್ಕೆ ಕಟ್ಟಿರುತ್ತದೆ. ಕಪ್ಪು ಪ್ಲೇಟಿನ ಗಾಡಿಗಳಲ್ಲೂ ಕೆಲವಕ್ಕೆ ಹೀಗೆ ವೇಗ ಕಟ್ಟುವ ಗವರ್ನರ್ ಇರುತ್ತದೆ. ಇದನ್ನು ಮೊದಲೇ ಕೇಳಿ ತಿಳಿಯುವುದು ಪ್ರಾಣದ ಪ್ರಶ್ನೆ. 70ರಲ್ಲಿ ಹೋಗುತ್ತಿರುವ ಬಲ್ಕರನ್ನು ದಾಟಲು ಬಲಕ್ಕೆ ಬಂದ ಮೇಲೆ, ಅರ್ಧ ದಾರಿಯಲ್ಲಿ ಗಾಡಿ 80ಕ್ಕೆ ನಿಂತುಬಿಟ್ಟರೆ ಎದುರಿನ ಬಸ್ಸಿಗೆ ನಾವು ನೇರ ಎದುರು. ಗವರ್ನರ್ ಇದ್ದರೆ ಎರಡು ಲೇನಿನ ರಸ್ತೆಯಲ್ಲಿ 60ರ ಮೇಲೆ ಹೋಗುವ ಯಾವುದನ್ನೂ ನಾನು ದಾಟುವುದಿಲ್ಲ.

ವ್ಯಾಗನ್ ಆರ್ ಸಿ.ಎನ್.ಜಿ. ಕಡಿಮೆ ಖರ್ಚಿನದು, ಊರೊಳಗೆ ತುಂಬ ಚೊಕ್ಕ. 1.0 ಲೀಟರಿನ ಎಂಜಿನ್ ಪೆಟ್ರೋಲಿನಲ್ಲಿ 67 ಅಶ್ವಶಕ್ತಿ ಕೊಟ್ಟರೆ ಗ್ಯಾಸಿನಲ್ಲಿ 57. ಹತ್ತು ಹೋದದ್ದು ಎ.ಸಿ. ಹಾಕಿ ನಾಲ್ಕು ಜನ ಕೂತಾಗ ಚೆನ್ನಾಗಿ ಗೊತ್ತಾಗುತ್ತದೆ. ಓವರ್‌ಟೇಕಿಗೆ ಮುಂಚೆ ಸ್ವಿಚ್ ಒತ್ತಿ ಪೆಟ್ರೋಲಿಗೆ ಬದಲಿಸಿಕೊಳ್ಳಿ. ಹಾಗಾಗಿ ಗ್ಯಾಸ್ ಗಾಡಿಯಲ್ಲೂ ಐದಾರು ಲೀಟರ್ ಪೆಟ್ರೋಲ್ ಇರಲೇಬೇಕು. ಎಂಜಿನ್ ಚಾಲೂ ಆಗುವುದೂ ಪೆಟ್ರೋಲಿನಲ್ಲೇ. ಸಿಲಿಂಡರ್ 60 ಲೀಟರಿನದು, 200 ಬಾರ್ ಒತ್ತಡದಲ್ಲಿ ತುಂಬಿದರೆ ಏಳೂವರೆ, ಎಂಟು ಕಿಲೋ ಹಿಡಿಯುತ್ತದೆ. ಸುಡುಬಿಸಿಲಿನಲ್ಲಿ ಗ್ಯಾಸ್ ಹಿಗ್ಗಿರುವುದರಿಂದ ಅದೇ ಒತ್ತಡಕ್ಕೆ ಕಡಿಮೆ ತೂಕ ಬೀಳುತ್ತದೆ, ಬೆಳಗಿನ ಜಾವ ತುಂಬಿಸಿದರೆ ಅರ್ಧ ಕಿಲೋ ಹೆಚ್ಚು ಸಿಗಬಹುದು. ಪಂಪು ಎಲ್ಲ ತಾಲ್ಲೂಕಿನಲ್ಲೂ ಇಲ್ಲ, ಆದ್ದರಿಂದ ಹೋಗಿ ಬರುವ ದೂರ 180 ದಾಟಿದರೆ ಲೆಕ್ಕ ಹಾಕಿಯೇ ಹೊರಡಬೇಕು. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಕಡ್ಡಾಯ. ದಿನಾಂಕದ ತಗಡು ನೋಡಿ. ಡಿಕ್ಕಿ ಮಾತ್ರ ಇಲ್ಲವೆಂದೇ ತಿಳಿಯಿರಿ. ಎತ್ತರದ ಗಾಡಿಯಾದ್ದರಿಂದ ಬಯಲಿನ ಅಡ್ಡಗಾಳಿಗೆ 90ರ ಮೇಲೆ ಅಲುಗುತ್ತದೆ.

ಮನೆಮಂದಿಯೆಲ್ಲ ದೇವಲ ಗಾಣಗಾಪುರಕ್ಕೋ ಬಸವಕಲ್ಯಾಣಕ್ಕೋ ಹೊರಟರೆ ಎರ್ಟಿಗಾ. ಹುಣ್ಣಿಮೆಗೆ, ಹೋಳಿಯ ನಂತರದ ಶರಣಬಸವೇಶ್ವರ ಜಾತ್ರೆಗೆ, ಬಂದೇನವಾಜರ ಉರುಸಿಗೆ ಏಳು ಸೀಟಿನ ಗಾಡಿ ನಾಲ್ಕೈದು ದಿನ ಮೊದಲೇ ಹಿಡಿಯದಿದ್ದರೆ ಸಿಗದು. ಚಕ್ರದಿಂದ ಚಕ್ರಕ್ಕೆ 2,740 ಮಿ.ಮೀ. ಅಂತರ, ಡಿಸೈರಿನದು 2,450. ಈ ಉದ್ದದಿಂದಲೇ ಎರೆ ನೆಲದ ಅಲೆಗಳ ಮೇಲೆ ಎರ್ಟಿಗಾ ಕಡಿಮೆ ತೂಗುತ್ತದೆ. ಒಬ್ಬರೇ ಹೋಗುವಾಗ ಹಿಂಭಾಗ ಜಿಗಿಯುತ್ತದೆ, ನಾಲ್ಕು ಜನರಿದ್ದಾಗ ಹದವಾಗುತ್ತದೆ, ಏಳು ಜನ ಕೂತರೆ ಹಿಂದೆ ಕುಸಿದು ಹೆಡ್‌ಲೈಟ್ ಮರದ ತುದಿಗೆ ಹೋಗುತ್ತದೆ. ಸ್ಟೇರಿಂಗಿನ ಬಲಗಡೆ ಹೆಡ್‌ಲೈಟ್ ಏರಿಳಿಸುವ ಸಣ್ಣ ಚಕ್ರವಿರುತ್ತದೆ, ಭಾರ ಹೆಚ್ಚಾದಂತೆ ಅಂಕಿ ಹೆಚ್ಚಿಸಿ ಬೆಳಕನ್ನು ರಸ್ತೆಗೆ ಇಳಿಸಬೇಕು. ಬಾಡಿಗೆ ಗಾಡಿ ಓಡಿಸುವವರು ಇದನ್ನು ಮುಟ್ಟುವುದೇ ಅಪರೂಪ, ಎದುರಿನವನ ಕಣ್ಣಿಗೆ ಬೆಳಕು ಚುಚ್ಚುತ್ತದೆ, ನಮಗೂ ರಸ್ತೆ ಕಾಣುವುದಿಲ್ಲ. ಹಿಂದಿನವರಿಗೆ ಗಾಳಿ ಬೀಸುವ ಛಾವಣಿಯ ಬ್ಲೋವರಿಗೆ ಬೇರೆಯೇ ಗುಂಡಿ ಇದೆ. ಅದು ಎಲ್ಲ ವೇಗದಲ್ಲೂ ತಿರುಗುತ್ತದೆಯೇ ಎಂಬುದನ್ನು ಮಧ್ಯದ ಸೀಟಿನಲ್ಲಿ ಕೂತು ನೋಡಿ. ಸಿ.ಎನ್.ಜಿ. ಎರ್ಟಿಗಾ ಗ್ಯಾಸಿನಲ್ಲಿ 88 ಅಶ್ವಶಕ್ತಿ, ಪೆಟ್ರೋಲಿನಲ್ಲಿ 103. ಏಳು ಜನಕ್ಕೆ ಗ್ಯಾಸ್ ಎರ್ಟಿಗಾ ಬೇಡ ಎಂಬುದೇ ನನ್ನ ಅಭಿಪ್ರಾಯ. ಮೂರನೇ ಸಾಲಿನಲ್ಲಿ ಜನ, ಅದರ ಹಿಂದೆ ಸಿಲಿಂಡರ್, ಸಾಮಾನು ಕಾಲ ಬಳಿ.

ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ದೊಡ್ಡ ಕುಟುಂಬವನ್ನು ಬಿಟ್ಟು ಬರಬೇಕೆಂದರೆ ಇನ್ನೋವಾ ಕ್ರಿಸ್ಟಾಕ್ಕೆ ಸಾಟಿ ಇಲ್ಲ. ಹುಮನಾಬಾದಿನಲ್ಲಿ ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೊರವರ್ತುಲ ರಸ್ತೆಗೆ ಸೇರಿದರೆ ಮೂರನೇ ಸಾಲಿನ ಹಿರಿಯರೂ ಬೆನ್ನು ಹಿಡಿಯಿತು ಎನ್ನುವುದಿಲ್ಲ. 2.4 ಲೀಟರ್ ಡೀಸೆಲ್ ಎಂಜಿನ್, ಹಿಂದಿನ ಚಕ್ರದ ಎಳೆತ, ಗಟ್ಟಿ ಚಾಸಿ. ಕ್ಲಚ್ ಭಾರ, ಊರೊಳಗಿನ ಒಂದು ಗಂಟೆಗೆ ಎಡ ಮೊಣಕಾಲು ಹೇಳುತ್ತದೆ. ಇಕೋ ಬಟನ್ ಒತ್ತಿದ್ದರೆ ಗಾಡಿ ಸತ್ತಂತೆ ಅನಿಸುತ್ತದೆ. ಪಿಕಪ್ ಇಲ್ಲ ಎಂದು ದೂರುವ ಮುನ್ನ ಅದನ್ನು ನೋಡಿ. ಸುಮಾರು 1.8 ಟನ್ ತೂಕದ ಗಾಡಿ, ಬ್ರೇಕಿಗೆ ಡಿಸೈರಿಗಿಂತ ಉದ್ದ ಜಾಗ ಬಿಡಲೇಬೇಕು. ಹೊಗೆ ಮಿತಿಯ ಬಿ.ಎಸ್. 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿ.ಪಿ.ಎಫ್. ಫಿಲ್ಟರ್ ಇರುತ್ತದೆ. ಊರೊಳಗೇ ಓಡಿದ ಗಾಡಿಯಲ್ಲಿ ಅದು ಕಟ್ಟಿ ಲೈಟು ಹತ್ತುತ್ತದೆ. ಹೆದ್ದಾರಿಯಲ್ಲಿ 60ರ ಮೇಲೆ ಒಂದೇ ಸಮ ಇಪ್ಪತ್ತು ನಿಮಿಷ ಓಡಿಸಿದರೆ ಮಸಿ ಸುಟ್ಟು ಲೈಟು ಆರುತ್ತದೆ. ಆರದಿದ್ದರೆ ಮಾಲೀಕನಿಗೆ ಫೋನ್ ಮಾಡಿ, ಮುಂದೆ ಹೋಗಬೇಡಿ.

ಬೊಲೆರೊ ಹಳ್ಳಿಗೆ. ಔರಾದ, ಚಿಂಚೋಳಿಯ ಒಳದಾರಿಗಳಲ್ಲಿ ಅದು ಎಲ್ಲಿಯೂ ಸೋಲುವುದಿಲ್ಲ. ಹೆದ್ದಾರಿಯಲ್ಲಿ 80ರ ಮೇಲೆ ಅದನ್ನು ಒತ್ತಾಯಿಸಬಾರದು. ಹಳೆಯ ಟೊಯೊಟಾ ಎಟಿಯೊಸ್ ಸಿಕ್ಕರೆ ಬಿಡಬೇಡಿ: ಮೀಟರ್ ಡ್ಯಾಶ್‌ಬೋರ್ಡಿನ ನಡುವೆ ಇರುವುದು ಮೊದಲ ದಿನ ಕಿರಿಕಿರಿ, ಆದರೆ ಡಿಕ್ಕಿ ದೊಡ್ಡದು, ಎ.ಸಿ. ಗಟ್ಟಿ. ಟ್ರೈಬರ್ ಏಳು ಸೀಟಿನದಾದರೂ 1.0 ಲೀಟರ್, 72 ಅಶ್ವಶಕ್ತಿ; ಐದು ಜನ ಮತ್ತು ಸಾಮಾನಿಗೆ ಸರಿ. ಟಾಟಾ ನೆಕ್ಸಾನ್ ಎತ್ತರ 200 ಮಿ.ಮೀ. ದಾಟುತ್ತದೆ, ಮಳೆಗಾಲಕ್ಕೆ, ಕೆಟ್ಟ ರಸ್ತೆಗೆ ನಾನು ಆರಿಸುವುದು ಇದನ್ನೇ. ತಗ್ಗಿಗೆ ಇಳಿದಾಗ ಸದ್ದು ಒಳಗೆ ಬರುವುದಿಲ್ಲ.

ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನೇ ಬದಲಿಸಿಕೊಳ್ಳುವ ಎ.ಎಂ.ಟಿ. ಗಾಡಿ ಮೊದಲ ಸಲ ಹಿಡಿಯುವವರಿಗೆ ಎರಡು ಮಾತು. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗುತ್ತದೆ. ಆ ಕ್ಷಣ ಎಕ್ಸಲೇಟರನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಮೃದುವಾಗುತ್ತದೆ. ಏರಿನಲ್ಲಿ ನಿಂತಾಗ ಎಕ್ಸಲೇಟರಿನಿಂದ ಗಾಡಿ ಹಿಡಿದಿಡಬಾರದು, ಒಳಗೆ ಕ್ಲಚ್ ಪ್ಲೇಟ್ ಇದ್ದೇ ಇದೆ, ಅದು ಸುಡುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ. ಓವರ್‌ಟೇಕ್ ಇರುವ ರಸ್ತೆಯಲ್ಲಿ ಲಿವರನ್ನು ಮ್ಯಾನುವಲ್ಲಿಗೆ ತಂದು ಗೇರ್ ನಾವೇ ಇಳಿಸಬೇಕು.

ಚಳಿಗಾಲದ ರಾತ್ರಿ ಆಳಂದ, ಅಫಜಲಪುರ, ಭಾಲ್ಕಿ ಕಡೆ ಹೋಗುವವರು ಹೆಡ್‌ಲೈಟಿನ ಗಾಜು ಹಳದಿಗಟ್ಟಿದ ಗಾಡಿಯನ್ನು ಒಪ್ಪಲೇಬಾರದು. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಕೆಂಪು ಲೈಟೂ ರೇಡಿಯಮ್ಮೂ ಇಲ್ಲದೆ ಹೋಗುತ್ತಿರುತ್ತವೆ. ಎದುರಿನ ಲೈಟಿಗೆ ಡಿಪ್ಪರ್ ಹೊಡೆದು ಕಣ್ಣು ಕತ್ತಲಾದ ಎರಡು ಸೆಕೆಂಡಿನಲ್ಲೇ ಮುಂದೆ ಕಬ್ಬಿನ ತುದಿ ಇರುತ್ತದೆ. ರಾತ್ರಿ ನನ್ನ ಮಿತಿ 60. ಮಳೆ ಬಂದಾಗ ಎಡ ಚಕ್ರವನ್ನು ಡಾಂಬರಿನಿಂದ ಕೆಳಗೆ ಇಳಿಸಬೇಡಿ. ಎರೆ ಮಣ್ಣಿನ ಬದು ಮೇಲೆ ಒಣಗಿ ಕಂಡರೂ ಒಳಗೆ ಹೂಳು, ಇಳಿದ ಚಕ್ರ ಗಾಡಿಯನ್ನು ಎಡಕ್ಕೆ ಎಳೆದುಕೊಳ್ಳುತ್ತದೆ. ಇಳಿದೇ ಹೋದರೆ ಸ್ಟೇರಿಂಗನ್ನು ಕಿತ್ತು ಬಲಕ್ಕೆ ತಿರುಗಿಸಬಾರದು, ಎಕ್ಸಲೇಟರ್ ಬಿಟ್ಟು ವೇಗ 20ಕ್ಕೆ ಇಳಿದ ಮೇಲೆ ನಿಧಾನ ಹತ್ತಿಸಬೇಕು.

ಬೇಸಿಗೆಯಲ್ಲಿ ಎಂಜಿನ್ ಕಾದ ಕೆಂಪು ಲೈಟು ಹತ್ತಿದರೆ ಎ.ಸಿ. ಆರಿಸಿ, ಹೀಟರ್ ಪೂರಾ ಹಾಕಿ, ನೆರಳು ನೋಡಿ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಬಿಚ್ಚಿದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಮುಕ್ಕಾಲು ಗಂಟೆ ಕಾಯಬೇಕು. ಲೈಟು ಹತ್ತಿದ ಮೇಲೂ ಓಡಿಸಿ ಎಂಜಿನ್ ಕೆಟ್ಟರೆ ವಿಮೆ ಕೊಡುವುದಿಲ್ಲ. ಕಲ್ಲಿಗೆ ತಾಗಿ ಆಯಿಲ್ ಚೇಂಬರ್ ಒಡೆದ ಮೇಲೆ ಓಡಿಸಿದರೂ ಅಷ್ಟೇ.

ದುಡ್ಡಿನ ಲೆಕ್ಕ. ದಿನಕ್ಕೆ 250 ಅಥವಾ 300 ಕಿ.ಮೀ. ಮಿತಿ ಇರುತ್ತದೆ, ಮೇಲಿನ ಪ್ರತಿ ಕಿ.ಮೀ.ಗೆ ಬೇರೆ ದರ. ಕಲಬುರಗಿಯಿಂದ ಬೀದರ ಸುಮಾರು 115. ಅಲ್ಲಿಂದ ಬಸವಕಲ್ಯಾಣ ನೋಡಿ ಹುಮನಾಬಾದ್ ಮೇಲೆ ಮರಳಿದರೆ 300ರ ಹತ್ತಿರ ಹೋಗುತ್ತದೆ, ಆದ್ದರಿಂದ 250ರ ಪ್ಯಾಕೇಜು ಅಗ್ಗ ಕಂಡರೂ ಕೊನೆಗೆ ತುಟ್ಟಿ. ತೆಲಂಗಾಣದಲ್ಲಿ ಪೆಟ್ರೋಲ್, ಡೀಸೆಲ್ ಹಲವು ವರ್ಷದಿಂದ ನಮ್ಮಲ್ಲಿಗಿಂತ ತುಟ್ಟಿ, ಗಡಿ ದಾಟುವ ಮೊದಲೇ ಹುಮನಾಬಾದಿನಲ್ಲಿ ಟಾಕಿ ತುಂಬಿಸಿಕೊಳ್ಳಿ. ಟಯರು, ಗಾಜು, ಬಂಪರಿನ ಅಡಿಭಾಗ ಇವುಗಳ ಖರ್ಚು ಯಾರದು ಎಂದು ಮೊದಲೇ ಕೇಳಿ.

ತೆಗೆದುಕೊಳ್ಳುವಾಗ ಮಾಡಿದ ಹಾಗೆಯೇ ಮರಳಿಸುವಾಗಲೂ ನಂಬರ್ ಪ್ಲೇಟಿನಿಂದ ಶುರು ಮಾಡಿ ಗಾಡಿಯ ಸುತ್ತ ಒಂದೇ ವಿಡಿಯೋ ತೆಗೆಯಬೇಕು: ನಾಲ್ಕೂ ರಿಮ್ಮು, ಬಂಪರಿನ ಕೆಳಗಡೆ, ಮುಂದಿನ ಗಾಜಿನ ಚುಕ್ಕೆ, ಆಮೇಲೆ ಒಳಗೆ ಬಂದು ಕಿ.ಮೀ. ಮೀಟರು, ಇಂಧನದ ಕಡ್ಡಿ. ಇದಕ್ಕೆ ಮೊದಲು ಗಾಡಿ ತೊಳೆಸಿ, ಧೂಳಿನ ಮೇಲೆ ಗೀರು ಕಾಣುವುದಿಲ್ಲ, ಮರುದಿನ ತೊಳೆದಾಗ ಕಂಡ ಹಳೆಯ ಗೀರು ನಮ್ಮ ಲೆಕ್ಕಕ್ಕೆ ಬೀಳುತ್ತದೆ. ಫಾಸ್ಟ್ಯಾಗ್ ದುಡ್ಡು ಕೆಲವೊಮ್ಮೆ ಒಂದು ದಿನ ತಡವಾಗಿ ಕಡಿತವಾಗುತ್ತದೆ. ದಾಟಿದ ಟೋಲುಗಳ ಹೆಸರು, ವೇಳೆ ಬರೆದಿಟ್ಟುಕೊಂಡು ಅವರ ಪಟ್ಟಿಯ ಜೊತೆ ತಾಳೆ ನೋಡಿ, ಆಮೇಲೆ ಠೇವಣಿಯ ದುಡ್ಡು ಎಣಿಸಿಕೊಂಡು ಕೀಲಿ ಕೊಡಿ.